ಮೊದಲು ಜಗಲಿ ಹುಡುಕು, ಹಲಗೆ ಆಮೇಲೆ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂದು ಹದಿನೈದು ದಿನವಾಯ್ತು. ಬೈಯಬೇಡ, ಮಂಡಕ್ಕಿ ಭಟ್ಟಿ ಕಡೆ ಓಡಾಟ ಜಾಸ್ತಿ ಇತ್ತು. ಬ್ಯಾಂಕಿನಿಂದ ನಿವೃತ್ತಿಯಾಗಿ ದಾವಣಗೆರೆಗೇ ವಾಪಸ್ ಬರುತ್ತಿದ್ದೀಯ ಅಂತ ಓದಿ ಖುಷಿಯಾಯ್ತು. ಬಂದ ಮೇಲೆ ಓದು ಬರಹ ಬಾರದ ದೊಡ್ಡವರಿಗೆ ಸಂಜೆ ಶಾಲೆ ನಡೆಸಬೇಕು, ಯಾರೂ ಕರೆಯದ ಮುಸ್ಲಿಂ ಹೆಂಗಸರನ್ನು, ಅಂಗವಿಕಲರನ್ನು ಮೊದಲು ಸೇರಿಸಿಕೊಳ್ಳಬೇಕು ಅಂದಿದ್ದೀಯ. ಕೊನೆಗೆ, ಕರಿಹಲಗೆ ಎಷ್ಟು ದೊಡ್ಡದು ಬೇಕು ಅಂತ ಕೇಳಿದ್ದೀಯ. ನಾನೂ ಮೂರು ವರ್ಷದ ಹಿಂದೆ ಅಲ್ಲಿಂದಲೇ ಶುರು ಮಾಡಿದ್ದು. ಆರು ಅಡಿ ಹಲಗೆ ಮಾಡಿಸಿದ್ದೆ. ಈಗ ಅದರ ಮೇಲೆ ನಮ್ಮ ಮನೆಯಲ್ಲಿ ಹಪ್ಪಳ ಒಣಗಿಸುತ್ತಾರೆ.

ಮೊದಲ ತಿಂಗಳು ಏನಾಯ್ತು ಅಂತ ಹೇಳುತ್ತೇನೆ, ಬೇಕಾದರೆ ನಗು. ಒಂದು ಸಮುದಾಯ ಭವನದ ಮಹಡಿ ಸಿಕ್ಕಿತು. ಬಾಡಿಗೆ ಇಲ್ಲ, ಫ್ಯಾನ್ ಇದೆ. ಹೊರಗೆ ಬ್ಯಾನರ್ ಕಟ್ಟಿಸಿದೆ: 'ಅನಕ್ಷರಸ್ಥರಿಗೆ ಉಚಿತ ತರಗತಿ'. ಒಂಬತ್ತು ದಿನ ಅಲ್ಲಿದ್ದದ್ದು ನಾನು ಮತ್ತು ಫ್ಯಾನು. ಹತ್ತನೇ ದಿನ ಹಿಂದಿನ ಓಣಿಗೆ ಹೋಗಿ, ಬಾಗಿಲಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದ ಒಬ್ಬ ಆಪಾನ (ಉರ್ದುವಿನಲ್ಲಿ ಅಕ್ಕ ಅಂತ) ಕೇಳಿದೆ, ಯಾಕಮ್ಮ ಯಾರೂ ಬರಲ್ಲ ಅಂತ. ಅವರು ದಾರ ಸುತ್ತೋದು ನಿಲ್ಲಿಸಲಿಲ್ಲ. 'ಆ ಬ್ಯಾನರ್ ಕೆಳಗೆ ಹೋದ್ರೆ ಇಡೀ ಓಣಿಗೆ ಗೊತ್ತಾಗ್ತದಲ್ಲ ಸರ್, ನಾನು ಹೆಬ್ಬೆಟ್ಟು ಅಂತ' ಅಂದರು. ಬ್ಯಾನರಿನಲ್ಲಿ ಏನಿದೆ ಅಂತ ಅವರಿಗೆ ಮಗಳು ಓದಿ ಹೇಳಿದ್ದಳಂತೆ.

ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಭವನದ ಬಾಗಿಲಲ್ಲೇ ಒಂದು ಗುಡಿ ಇದೆ. ದಿನಾ ಕೈ ಮುಗಿದು ಒಳಗೆ ಹೋಗುತ್ತಿದ್ದ ನನಗೆ ಅದು ಅಡ್ಡ ಅಂತ ಹೇಗೆ ಕಾಣಬೇಕು? ಬರಬೇಡಿ ಅಂತ ಯಾರೂ ಅಂದಿರಲಿಲ್ಲ. ಬನ್ನಿ ಅಂತಲೂ ಅಂದಿರಲಿಲ್ಲ. ಇನ್ನು ಮೆಟ್ಟಿಲು ಇಪ್ಪತ್ತೆರಡು, ಹಿಡಿದುಕೊಳ್ಳಲು ಕಂಬಿ ಇಲ್ಲ. ತರಗತಿಯ ಹೊತ್ತು ಸಂಜೆ ಐದು. ಕಟ್ಟಿದ ಬೀಡಿ ಕೊಟ್ಟು, ಎಲೆ ತಂಬಾಕು ತಂದು, ಒಲೆ ಹಚ್ಚುವ ಹೊತ್ತು ಅದು. ಒಟ್ಟಿನಲ್ಲಿ ನನ್ನಂಥವನೊಬ್ಬನೇ ಬರಬಹುದಾದ ಜಾಗದಲ್ಲಿ, ನನ್ನಂಥವನೊಬ್ಬನೇ ಬರಬಹುದಾದ ಹೊತ್ತಿನಲ್ಲಿ ಶಾಲೆ ಮಾಡಿದ್ದೆ. ಹಾಗೇ ಆಯ್ತು, ನಾನೊಬ್ಬನೇ ಬಂದೆ.

ಬ್ಯಾನರ್ ಬಿಚ್ಚಿದೆ. ಆ ಆಪಾನ ಮನೆ ಜಗಲಿಯನ್ನೇ ಕೇಳಿಕೊಂಡೆ. ಹೊತ್ತು ಮುಳುಗಿದಾಗಿನ ಮಗ್ರಿಬ್ ನಮಾಜ್ ಆದ ಮೇಲೆ, ರಾತ್ರಿಯ ಇಶಾ ನಮಾಜಿಗೆ ಮುಂಚೆ, ಮುಕ್ಕಾಲು ಗಂಟೆ. ಓದು ಕಲಿಸುತ್ತೇವೆ ಅನ್ನಲೇ ಇಲ್ಲ. ಫೋನ್ ಹೇಳಿಕೊಡುತ್ತೇವೆ ಅಂದೆವು. ಮೊದಲ ದಿನವೇ ಏಳು ಜನ. ಫೋನ್ ಬರೋದಿಲ್ಲ ಅನ್ನಲು ಯಾರಿಗೂ ನಾಚಿಕೆಯಿಲ್ಲ ನೋಡು, ನನಗೇ ಅರ್ಧ ಬರೋದಿಲ್ಲ. ಮಗನ ಹೆಸರು ಫೋನಿನಲ್ಲಿ ಹುಡುಕಬೇಕು ಅಂದರೆ ಅಕ್ಷರ ಬೇಕಲ್ವಾ. ಹಾಗೆ ಹಿಂಬಾಗಿಲಿನಿಂದ ಕಾಗುಣಿತ ಒಳಗೆ ಬಂತು.

ನಮ್ಮಲ್ಲಿ ಮೊದಲ ಪಾಠದ ಪದ 'ಮಂಡಕ್ಕಿ'. ಸೊನ್ನೆ, ಗುಡಿಸು, ಒತ್ತು ಮೂರೂ ಒಂದರಲ್ಲೇ ಇವೆ. ಓಣಿಯ ಅರ್ಧ ಗಂಡಸರು ಭಟ್ಟಿಯಲ್ಲೇ ದುಡಿಯೋದು, ಹಾಗಾಗಿ ಅದು ಯಾರಿಗೂ ಮರೆಯುವುದಿಲ್ಲ. ಇನ್ನೊಂದು ಮಜಾ ಕೇಳು. ಮಹಾಪ್ರಾಣ ನಮಗಿಂತ ಇವರಿಗೇ ಸಲೀಸು. ನಾವು ಬಾಯಲ್ಲಿ 'ಬಟ್ಟಿ' ಅಂದುಬಿಡುತ್ತೇವೆ. ಮನೆಯಲ್ಲಿ ಉರ್ದು ಆಡುವ ಇವರು ನೆಟ್ಟಗೆ 'ಭಟ್ಟಿ' ಅನ್ನುತ್ತಾರೆ. ಉಚ್ಚಾರಣೆ ತಿದ್ದಲು ಹೋದವನನ್ನು ಅವರೇ ತಿದ್ದಿದರು.

ಒಬ್ಬ ಅಜ್ಜಿ ಇದ್ದಾರೆ, ಅರವತ್ತು ದಾಟಿದವರು. ಪುಸ್ತಕ ಕೊಟ್ಟರೆ ಅವರ ಬೆರಳು ಸಾಲಿನ ಬಲತುದಿಗೆ ಹೋಗಿ ಕೂರುತ್ತಿತ್ತು. ಎರಡು ದಿನ ನನಗೆ ಅರ್ಥವಾಗಲಿಲ್ಲ. ಚಿಕ್ಕಂದಿನಲ್ಲಿ ಕುರಾನ್ ಓದಲು ಕಲಿತ ಬೆರಳು ಅದು, ಬಲದಿಂದಲೇ ಶುರು ಮಾಡುತ್ತದೆ. ಅರಬ್ಬಿ ಅಕ್ಷರ ಗುರುತು ಹಿಡಿದು, ತಪ್ಪಿಲ್ಲದೆ, ರಾಗವಾಗಿ ಓದುತ್ತಾರೆ. ಆದರೆ ಅರ್ಥ ಗೊತ್ತಿಲ್ಲ, ಬರೆಯಲು ಬರೋದಿಲ್ಲ. ನಮ್ಮ ಜನಗಣತಿಯ ಲೆಕ್ಕದಲ್ಲಿ ಏಳು ವರ್ಷ ದಾಟಿದವರು ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಬೇಕು, ಬರೆಯಲೂಬೇಕು. ಆಗಲೇ ಸಾಕ್ಷರರು. ಅಂದರೆ ಈ ಅಜ್ಜಿ ಅನಕ್ಷರಸ್ಥೆ. ನಿಯಮ ಸರಿಯೇ ಇರಬಹುದು. ಆದರೆ ಐವತ್ತು ವರ್ಷ ದಿನಾ ಪುಸ್ತಕ ತೆರೆದವರ ಮುಂದೆ ನಾನು 'ಏನೂ ಬಾರದವರು' ಅಂತ ಬ್ಯಾನರ್ ಕಟ್ಟಿದ್ದೆನಲ್ಲ, ಅದು ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ಅದೇ ಜನಗಣತಿಯಲ್ಲಿ ಬ್ರೈಲ್, ಅಂದರೆ ಬೆರಳಿನಿಂದ ಮುಟ್ಟಿ ಓದುವ ಚುಕ್ಕಿ ಲಿಪಿ, ಓದಬಲ್ಲ ಅಂಧರನ್ನು ಸಾಕ್ಷರರು ಅಂತಲೇ ಎಣಿಸುತ್ತಾರೆ. 2011ರ ಗಣತಿ ಪ್ರಕಾರ ದೇಶದಲ್ಲಿ ಅಂಗವಿಕಲರು 2.68 ಕೋಟಿ. ಅವರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ಓದು ಬರಹ ಬಾರದು. ಚಿಕ್ಕಂದಿನಲ್ಲಿ ಶಾಲೆಯ ಮೆಟ್ಟಿಲು ತಡೆಯಿತು. ದೊಡ್ಡವರಾದ ಮೇಲೆ ನಮ್ಮ ಭವನದಂಥ ಮೆಟ್ಟಿಲು.

ಈಗ ಟೇಲರ್ ಅಣ್ಣನ ಕಥೆಗೆ ಬರುತ್ತೇನೆ. ನಲವತ್ತೈದರ ಮೇಲೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಯ್ತು. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸು, ಅಂಗಡಿಯಲ್ಲಿ ಅಳತೆ ಬುಕ್ಕಿನ ಜೊತೆ ದಿನಾ ಪೇಪರ್ ಓದುತ್ತಿದ್ದ ಮನುಷ್ಯ. ಬ್ರೈಲ್ ಕಲಿಯೋಣ ಅಂತ ಹೋದರು. ಆರು ಚುಕ್ಕಿಯ ಲೆಕ್ಕ ತಲೆಗೆ ಒಂದೇ ವಾರದಲ್ಲಿ ಹತ್ತಿತು. ಬೆರಳಿಗೆ ಹತ್ತಲಿಲ್ಲ. ಅದೇ ಸಕ್ಕರೆ ಕಾಯಿಲೆ ಬೆರಳ ತುದಿಯನ್ನೂ ಜೋಮು ಹಿಡಿಸಿತ್ತು. ಹುಟ್ಟಿನಿಂದ ಕಾಣದ ಮಗುವಿಗೆ ಕಲಿಸುವ ದಾರಿ ಬೇರೆ, ನಡುವಯಸ್ಸಿನಲ್ಲಿ ಕಣ್ಣು ಕಳೆದುಕೊಂಡವರದು ಬೇರೆ. ಇದನ್ನು ನಾವು ಯಾರೂ ಯೋಚಿಸಿರೋದಿಲ್ಲ.

ಅವರು ನಮ್ಮ ಜಗಲಿಗೆ ಬಂದದ್ದು ಫೋನ್ ಮಾತಾಡಿಸಲು. ಟಾಕ್‌ಬ್ಯಾಕ್ ಹಾಕಿಕೊಟ್ಟೆವು, ಪರದೆಯಲ್ಲಿರುವುದನ್ನು ಓದಿ ಹೇಳುವ ಫೋನಿನ ಸೌಲಭ್ಯ ಅದು. ಬೆರಳು ಬಲಕ್ಕೆ ಸರಿಸಿದರೆ ಮುಂದಿನದನ್ನು ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಎರಡೇ ವಾರದಲ್ಲಿ ನನಗಿಂತ ಚುರುಕಾದರು. ಆಮೇಲೂ ಬರೋದು ಬಿಡಲಿಲ್ಲ. ಸುಮ್ನೆ ಮೂಲೆಯಲ್ಲಿ ಕೂರುತ್ತಿದ್ದರು. ಒಂದು ದಿನ ನಾನು ತಡವಾಗಿ ಹೋದೆ. ಜಗಲಿ ಹತ್ತಿರ ಬರುವಾಗ ಕೇಳಿದ್ದನ್ನು ಹಾಗೇ ಬರೆಯುತ್ತೇನೆ.

ಆಪಾ ಕೈಯಲ್ಲಿ ಒಂದು ಬಾಟಲಿ ಹಿಡಿದಿದ್ದರು. 'ಮೊದಲನೇದು ಏನೋ ದೊಡ್ಡದು ಇದೆ ಅಣ್ಣ, ಬಿಡಿ. ಎರಡನೇದು ಪ. ಆದ್ರೆ ಹೊಟ್ಟೆ ಒಳಗೆ ಗೆರೆ ಐತೆ.'

'ಹೊಟ್ಟೆ ಸೀಳಿದ ಷ. ಮುಂದೆ?'

'ದ. ಕೆಳಗೆ ಸೀಳೈತೆ.'

'ಹಂಗಾದ್ರೆ ಉಸಿರು ಬಿಟ್ಟು ಹೇಳಬೇಕು. ಧ. ತಲೆ ಮೇಲೆ ತಲಕಟ್ಟು ಐತೋ, ಗುಡಿಸೋ?'

'ಗುಡಿಸು.'

'ಧಿ. ಷ, ಧಿ. ಮೊದಲನೇದು ದೊಡ್ಡದು ಅಂದ್ರಲ್ಲ, ಅದು ಔ. ಈಗ ಕೂಡಿಸಿ.'

ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ ಅಂತ ನಾವು ಒಂದನೇ ಕ್ಲಾಸಿನಲ್ಲಿ ರಾಗವಾಗಿ ಹೇಳಿದ್ದು ನೆನಪಿದೆ ಅಲ್ವಾ? ಆ ಹೆಸರುಗಳೆಲ್ಲ ಅಕ್ಷರದ ಆಕಾರವನ್ನು ಬಾಯಲ್ಲೇ ಹೇಳುವ ಹೆಸರುಗಳು. ಕಣ್ಣಿಲ್ಲದವರು ಕಣ್ಣಿರುವವರಿಗೆ ಓದು ಕಲಿಸಲು ಇಷ್ಟು ಸಾಕು ಅಂತ ನನಗೆ ಐವತ್ತೆಂಟು ವರ್ಷವಾಗುವ ತನಕ ಹೊಳೆದಿರಲಿಲ್ಲ. ಅವತ್ತಿನಿಂದ ಮೇಷ್ಟ್ರು ಅವರು. ನಾನು ಚಾಪೆ ಹಾಸುವವನು, ಲೈಟ್ ಹಾಕುವವನು. ಇದೇನೂ ವಿನಯದ ಮಾತಲ್ಲ. ನಿಜಕ್ಕೂ ಅವರ ಹತ್ತಿರ ಹೆಂಗಸರು ಬೇಗ ಕಲಿತರು. ನಾನು ನೋಡುತ್ತಾ ನಿಂತರೆ ಆಪಾನ ಕೈ ನಡುಗುತ್ತಿತ್ತು. ಅಣ್ಣನಿಗೆ ಬರಹ ಕಾಣೋದಿಲ್ಲ, ಅಕ್ಷರ ಸೊಟ್ಟಗಿದ್ದರೂ ನಗುವವರಿಲ್ಲ.

ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ದೊಡ್ಡವರಿಗೆ ಓದು ಕಲಿಸಿದ ಕೆ.ವಿ. ರಾಬಿಯಾ ನೆನಪಾಗುವುದು ಇಲ್ಲೇ. ತಿರೂರಂಗಾಡಿ ಹತ್ತಿರದ ವೆಳ್ಳಿಲಕ್ಕಾಡ್‌ನವರು. ಹದಿನಾಲ್ಕಕ್ಕೆ ಪೋಲಿಯೋ ಬಂದು ಕಾಲು ಹೋಯ್ತು, ಕಾಲೇಜು ಅರ್ಧಕ್ಕೆ ನಿಂತಿತು. 1990ರ ಫೆಬ್ರವರಿಯಲ್ಲಿ ಎರ್ನಾಕುಳಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಅನ್ನಿಸಿಕೊಂಡಿತ್ತು, ಕೇರಳ ತುಂಬ ಅದೇ ಗಾಳಿ. ಅದೇ ಜೂನಿನಲ್ಲಿ ಇವರು ತಮ್ಮ ಜಾಗದಲ್ಲೇ ತರಗತಿ ಶುರು ಮಾಡಿದರು. ಆಗ ಇಪ್ಪತ್ತನಾಲ್ಕು ವಯಸ್ಸು ಇರಬೇಕು. ಎಂಟು ವರ್ಷದ ಮಗುವಿನಿಂದ ಎಂಬತ್ತರ ಮುದುಕಿಯವರೆಗೆ ಬಂದು ಕೂತರು. 1992ರಲ್ಲಿ ಅಧಿಕಾರಿಗಳು ನೋಡಲು ಬಂದಾಗ ರಾಬಿಯಾ ಊರಿನ ಕೊರತೆ ಅವರ ಮುಂದಿಟ್ಟರು. ಸುಮಾರು ಎರಡು ಕಿಲೋಮೀಟರ್ ರಸ್ತೆ ಬಂತು. ಅದಕ್ಕೆ 'ಅಕ್ಷರ ರೋಡ್' ಅಂತಲೇ ಹೆಸರು. ಆಮೇಲೆ 'ಚಲನಂ' ಅನ್ನೋ ಸಂಸ್ಥೆ ಕಟ್ಟಿ ಅಂಗವಿಕಲ ಮಕ್ಕಳಿಗೆ ಶಾಲೆ ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು, 2025ರ ಮೇ ತಿಂಗಳಲ್ಲಿ ತೀರಿಕೊಂಡರು.

ಅವರ ಬಗ್ಗೆ ಬರೆಯುವವರೆಲ್ಲ 'ಕಾಲಿಲ್ಲದಿದ್ದರೂ ಕಲಿಸಿದರು' ಅಂತ ಬರೆಯುತ್ತಾರೆ. ಆ 'ಇಲ್ಲದಿದ್ದರೂ' ನನಗೆ ಯಾಕೋ ಒಪ್ಪಿಗೆಯಿಲ್ಲ. ಟೇಲರ್ ಅಣ್ಣನನ್ನು ನೋಡಿದ ಮೇಲಂತೂ ಇಲ್ಲವೇ ಇಲ್ಲ. ಕೂತಲ್ಲೇ ಕೂತಿರುವ, ತಮ್ಮ ಓಣಿಯ, ತಮ್ಮ ಮಾತಿನ ಒಬ್ಬ ಹುಡುಗಿಯ ಹತ್ತಿರ ಹೋಗಲು ಮುದುಕಿಗೆ ಯಾಕೆ ನಾಚಿಕೆಯಾಗಬೇಕು? ಊರು ಪಕ್ಕಕ್ಕೆ ಸರಿಸಿದವರ ಹತ್ತಿರ ಊರು ಪಕ್ಕಕ್ಕೆ ಸರಿಸಿದ ಇನ್ನೊಬ್ಬರು ಬಂದು ಕೂತರು. ನಾನು ಹೀಗೇ ತಿಳಿದುಕೊಂಡಿದ್ದೇನೆ.

1991ರ ಏಪ್ರಿಲ್ 18ರಂದು ಕೇರಳ ಸಂಪೂರ್ಣ ಸಾಕ್ಷರ ರಾಜ್ಯ ಅಂತ ಕೋಳಿಕ್ಕೋಡಿನ ಮಾನಾಂಚಿರ ಮೈದಾನದಲ್ಲಿ ಘೋಷಣೆ ಓದಿದ್ದು ಮಂತ್ರಿಯಲ್ಲ. ಚೇಲಕ್ಕೋಡನ್ ಆಯಿಷಾ, ಆಗತಾನೇ ಓದು ಕಲಿತ ಮಲಪ್ಪುರಂನ ಮುಸ್ಲಿಂ ಮಹಿಳೆ. ಈ ಕಥೆಯನ್ನು ನಮ್ಮ ಅಜ್ಜಿಗೆ ಹೇಳಿದೆ. 'ಮೈಕಿನ ಮುಂದೆಯಾ?' ಅಂತ ಎರಡು ಸಲ ಕೇಳಿದರು.

ನೀನು ಬ್ಯಾಂಕಿನವನು, ಕಾಯಿದೆ ಏನು ಹೇಳುತ್ತದೆ ಅಂತ ಕೇಳಿಯೇ ಕೇಳುತ್ತೀಯ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇದೆ, ಅದರ 18ನೇ ಕಲಮು ವಯಸ್ಕರ ಶಿಕ್ಷಣದ್ದೇ. ಅಂಗವಿಕಲರು ಉಳಿದವರಿಗೆ ಸಮನಾಗಿ ಅದರಲ್ಲಿ ಭಾಗವಹಿಸುವಂತೆ ಸರ್ಕಾರ, ಸ್ಥಳೀಯ ಸಂಸ್ಥೆ ಎರಡೂ ನೋಡಿಕೊಳ್ಳಬೇಕು. ಹಳೆಯ ಕಾಯಿದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು, ಇದರಲ್ಲಿ 21. ಕೇಂದ್ರದ 'ಉಲ್ಲಾಸ್' ಸಾಕ್ಷರತಾ ಕಾರ್ಯಕ್ರಮವೂ ಇದೆ, ಹದಿನೈದು ದಾಟಿದವರಿಗೆ, ಸ್ವಯಂಸೇವಕರೇ ಕಲಿಸೋದು. ಹೆಸರು ಬರೆಸು, ಪುಸ್ತಕ ಸಿಗುತ್ತದೆ. ಆದರೆ ಪುಸ್ತಕದ ಮೊದಲ ಪಾಠದಿಂದಲೇ ಶುರು ಮಾಡಬೇಕು ಅಂತ ಹಟ ಹಿಡಿಯಬೇಡ. ಆಪಾಗೆ ಮೊದಲು ಬೇಕಾಗಿದ್ದದ್ದು ಗುತ್ತಿಗೆದಾರನ ಲೆಕ್ಕದ ಬುಕ್ಕು ಓದೋದು. ಎಷ್ಟು ಸಾವಿರ ಬೀಡಿ ಕೊಟ್ಟೆ, ಎಷ್ಟು ಕೆಟ್ಟದ್ದು ಅಂತ ತೆಗೆದರು, ಕೈಗೆ ಬಂದದ್ದೆಷ್ಟು. ಅಂಕಿ ಮೊದಲು, ಅಆಇಈ ಆಮೇಲೆ.

ಒಂದು ತಪ್ಪು ಮಾತ್ರ ಮಾಡಬೇಡ, ನಾನು ಮಾಡಿದ್ದು. ಒಂದು ಕಚೇರಿಯ ಪಿಂಚಣಿ ಸುತ್ತೋಲೆಯನ್ನು ಟೇಲರ್ ಅಣ್ಣನಿಗೆ ಕಳಿಸಿದೆ. ಅದು ಕಾಗದದ ಫೋಟೊ ತೆಗೆದ ಪಿಡಿಎಫ್. ಅವರ ಫೋನ್ ಒಂದಕ್ಷರ ಓದಲಿಲ್ಲ. ಸರಿ ಅಂತ ನಾನೇ ಕೂತು ನನ್ನ ಹಳೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಕಳಿಸಿದೆ. ಅದು ಹಳೇ ಫಾಂಟು, ಎಲ್ಲ ಫೋನುಗಳೂ ಗುರುತಿಸುವ ಯೂನಿಕೋಡ್ ಸಂಕೇತವಲ್ಲ. ನನ್ನ ಕಣ್ಣಿಗೆ ಮುದ್ದಾದ ಕನ್ನಡ, ಅವರ ಫೋನಿಗೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅವರು ನನಗೆ ಫೋನ್ ಮಾಡಿ ಅದನ್ನು ಕೇಳಿಸಿದರು. ಅರ್ಧ ನಿಮಿಷ ಇಬ್ಬರೂ ನಕ್ಕೆವು, ಆಮೇಲೆ ನನಗೆ ನಗು ಬರಲಿಲ್ಲ. ನೀನು ಏನೇ ಬರೆದರೂ ಯೂನಿಕೋಡಿನಲ್ಲಿ ಬರಿ. ಈ ಪತ್ರವನ್ನೂ ಅದಕ್ಕೇ ಹಾಗೆ ಬರೆದಿದ್ದೇನೆ, ಮೊದಲು ಕೇಳಿಸಿಕೊಳ್ಳುವವರು ಅವರೇ.

ಎಲ್ಲ ಸರಿಯಾಗಿದೆ ಅಂದುಕೊಳ್ಳಬೇಡ. ಏಳು ಜನ ಹದಿನಾಲ್ಕಾಗಿ ಈಗ ಐದಕ್ಕೆ ಇಳಿದಿದ್ದಾರೆ. ರಂಜಾನ್‌ಗೆ ಬಿಟ್ಟವರಲ್ಲಿ ಮೂವರು ತಿರುಗಿ ಬರಲಿಲ್ಲ. ಕಿವಿ ಕೇಳದ ಒಬ್ಬ ಹುಡುಗಿ ನಾಲ್ಕು ದಿನ ಬಂದು ನಿಂತಳು. ಕೈಭಾಷೆ ನಮಗ್ಯಾರಿಗೂ ಬರೋದಿಲ್ಲ, ಬಾಯಲ್ಲೇ ನಡೆಯುವ ನಮ್ಮ ಪಾಠದಲ್ಲಿ ಅವಳಿಗೆ ಜಾಗವೇ ಇರಲಿಲ್ಲ. ಅವಳ ಮನೆ ಮುಂದೆ ಹಾದು ಹೋಗುವಾಗ ನಾನು ಈಗಲೂ ಆಚೆ ಬದಿಯಲ್ಲಿ ನಡೆಯುತ್ತೇನೆ. ನೀನು ಬರುವುದಕ್ಕೆ ಮುಂಚೆ ಬೆಂಗಳೂರಿನಲ್ಲಿ ಎಲ್ಲಾದರೂ ಕೈಭಾಷೆ ಕಲಿತು ಬರುವುದಾದರೆ ಅದೊಂದು ಮಾಡು. ಕರಿಹಲಗೆಯ ಚಿಂತೆ ಬಿಡು, ಹಪ್ಪಳದ ಹಲಗೆ ಬೇಕಾದರೆ ತೊಳೆದು ಕೊಡುತ್ತೇನೆ.

ಬರುವಾಗ ಬಳಪದ ಪೊಟ್ಟಣ ತಾ, ದಪ್ಪನೆಯದು. ಬೀಡಿ ಸುತ್ತುವ ಬೆರಳಿಗೆ ತೆಳ್ಳನೆಯದು ಹಿಡಿಯಲು ಸಿಗೋದಿಲ್ಲ, ಪಟಕ್ಕನೆ ಮುರಿಯುತ್ತದೆ.

ನಿನ್ನ
ಚಾಪೆ ಹಾಸುವವನು