ವಿಮಾನ ಸುದ್ದಿಗಳಲ್ಲಿ ಪ್ರಯಾಣದ ಗಂಟೆಗಳನ್ನು ನಮೂದಿಸಿ

ಮಾನ್ಯ ಸಂಪಾದಕರೇ,

ದೂರದ ನಗರಗಳಿಗೆ ಹೊಸ ವಿಮಾನ ಸೇವೆ ಆರಂಭವಾದಾಗ ಪತ್ರಿಕೆಗಳಲ್ಲಿ ಊರುಗಳ ನಡುವಿನ ದೂರ, ಹೊರಡುವ ವೇಳೆ ಮತ್ತು ತಲುಪುವ ವೇಳೆ ಅಚ್ಚಾಗುತ್ತವೆ. ಪ್ರಯಾಣಿಕರು ಎಷ್ಟು ಗಂಟೆ ಕುಳಿತಿರಬೇಕೆಂಬುದು ಮಾತ್ರ ಅನೇಕ ಸಲ ಬಿಟ್ಟುಹೋಗುತ್ತದೆ.

2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ನೇರ ಹಾರಾಟ ಆರಂಭಿಸಿದಾಗಿನ ವೇಳಾಪಟ್ಟಿಯನ್ನೇ ನೋಡಬಹುದು. ಇಲ್ಲಿಂದ ಮಧ್ಯಾಹ್ನ 2.30ಕ್ಕೆ ಹೊರಟ ವಿಮಾನ ಅದೇ ದಿನ ಸಂಜೆ 5ಕ್ಕೆ ಅಲ್ಲಿ ಇಳಿಯಬೇಕಿತ್ತು. ಕಾಗದದ ಮೇಲೆ ಇದು ಎರಡೂವರೆ ಗಂಟೆಯ ಪ್ರಯಾಣ! ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುವುದರಿಂದ ನಿಜವಾದ ಅವಧಿ 16 ಗಂಟೆ. ಇದೇ ಮಾರ್ಗದ ಮೊದಲ ಹಾರಾಟದಲ್ಲಿ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾದು, 11ರ ಬೆಳಗಿನ ಜಾವ ಬೆಂಗಳೂರಿಗೆ ಬಂದಿಳಿಯಿತು. ದಿನಾಂಕಗಳನ್ನಷ್ಟೇ ನೋಡಿದವರು ಇದನ್ನು ಎರಡು ದಿನದ ಪ್ರಯಾಣವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಅದು ತೆಗೆದುಕೊಂಡದ್ದು ಸುಮಾರು 17 ಗಂಟೆ.

ದೂರವನ್ನು ವೇಗದಿಂದ ಭಾಗಿಸಿ ಕಾಲವನ್ನು ಲೆಕ್ಕಹಾಕುವ ಶಾಲೆಯ ವಿಧಾನವೂ ಇಲ್ಲಿ ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ಗೋಲದ ಮೇಲೆ ದಾರ ಎಳೆದು ಹಿಡಿದಂತೆ ಅಳೆದರೆ ಈ ಎರಡು ನಗರಗಳ ನಡುವೆ ಸುಮಾರು 14,000 ಕಿಲೋಮೀಟರ್ ಆಗುತ್ತದೆ; ಆದರೆ ವಿಮಾನ ಆ ದಾರದ ಗುಂಟವೇ ಹಾರಬೇಕೆಂದಿಲ್ಲ. ಬಹು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿ ಹಿಂದಿನಿಂದ ಸಿಕ್ಕರೆ ಸುತ್ತುದಾರಿಯೇ ಲಾಭದಾಯಕ. 2016ರಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬದಲು ಪೆಸಿಫಿಕ್ ಸಾಗರದ ಮೇಲೆ ಹಾರಿಸಿದಾಗ ದೂರ ಸುಮಾರು 1,400 ಕಿಲೋಮೀಟರ್ ಹೆಚ್ಚಿತು, ಹಾಗಿದ್ದೂ ಪ್ರಯಾಣದ ಅವಧಿ ಕಡಿಮೆಯಾಯಿತು. ಇದಕ್ಕೆ ವಿರುದ್ಧವಾಗಿ, 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿದ ಮೇಲೆ, ದೆಹಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿಯಬೇಕಾಯಿತು. ಊರುಗಳು ಇದ್ದಲ್ಲೇ ಇದ್ದವು, ಗಂಟೆಗಳು ಬೆಳೆದವು.

ಮಗಳ ಅಥವಾ ಸೊಸೆಯ ಬಾಣಂತನಕ್ಕೆಂದು ಮೊದಲ ಬಾರಿ ಅಮೆರಿಕಕ್ಕೆ ಹೊರಡುವ ಹಿರಿಯರಿಗೆ ಬೇಕಾದದ್ದು ಈ ಗಂಟೆಗಳ ಲೆಕ್ಕವೇ. ಊಟಕ್ಕೆ ಮುಂಚೆ ಇನ್ಸುಲಿನ್ ತೆಗೆದುಕೊಳ್ಳುವವರು, ರಾತ್ರಿಯ ರಕ್ತದೊತ್ತಡದ ಮಾತ್ರೆಯನ್ನು ಯಾವ ಊರಿನ ರಾತ್ರಿಗೆ ನುಂಗಬೇಕೆಂದು ವೈದ್ಯರನ್ನು ಕೇಳಬೇಕಾದವರು, ಟಿಕೆಟ್ಟಿನ ಮೇಲಿನ ಸ್ಥಳೀಯ ವೇಳೆಗಳನ್ನು ಹಿಡಿದು ಏನೂ ನಿರ್ಧರಿಸಲಾರರು. ದೀರ್ಘಕಾಲ ಅಲುಗದೆ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಇದರ ಮೇಲೆ ಮೂರು ಗಂಟೆ ಮುಂಚೆ ನಿಲ್ದಾಣ ಸೇರುವುದು, ಇಳಿದ ಮೇಲೆ ವಲಸೆ ತಪಾಸಣೆಯ ಸರದಿ ಬೇರೆ.

ಆದ್ದರಿಂದ ಇಂಥ ಸುದ್ದಿಗಳಲ್ಲಿ ಹೋಗುವಾಗಿನ ಮತ್ತು ಬರುವಾಗಿನ ಹಾರಾಟದ ಅವಧಿಯನ್ನು ಪ್ರತ್ಯೇಕವಾಗಿ ಗಂಟೆಗಳಲ್ಲೇ ಕೊಡಬೇಕು ಮತ್ತು ವೇಳೆಗಳ ಮುಂದೆ ಅವು ಯಾವ ಊರಿನವು ಎಂದು ಸೂಚಿಸಬೇಕೆಂದು ವಿನಂತಿಸುತ್ತೇನೆ. ವಿಮಾನ ಮಧ್ಯದಲ್ಲೆಲ್ಲಾದರೂ ಇಳಿಯುವುದಿದ್ದರೆ ಅದನ್ನೂ ತಿಳಿಸಬೇಕು. ಇದಕ್ಕೆ ಎರಡು ಸಾಲಿಗಿಂತ ಹೆಚ್ಚು ಜಾಗ ಬೇಕಾಗದು.

ಇಂತಿ,
ಒಬ್ಬ ಓದುಗ, ಬೆಂಗಳೂರು