ನೇಪಾಳದ ಚಾರಣಕ್ಕೆ ಕಳಿಸುವವರನ್ನು ಯಾರು ಕೇಳುತ್ತಾರೆ? ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ನೇಪಾಳದ ಚಾರಣಕ್ಕೆ ಜನರನ್ನು ಕಳಿಸುವ ಸಂಸ್ಥೆಗಳಿಗೆ ಕಡಿವಾಣ ಹಾಕಿ ಎಂದು ನಿಮ್ಮ ಕಚೇರಿಗೆ ಕೊಟ್ಟ ಮನವಿಗಳಿಗೆಲ್ಲ ‘ಪರಿಶೀಲನೆಯಲ್ಲಿದೆ’ ಅನ್ನೋ ಒಂದೇ ಉತ್ತರ ಬಂತು. ಕಾದು ಸಾಕಾಗಿದೆ. ಅದಕ್ಕೇ ಎಲ್ಲರೂ ಓದಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಮ್ಮ ಬೆಂಗಳೂರಿನ ಒಂದು ಟ್ರೆಕ್ಕಿಂಗ್ ಸಂಸ್ಥೆಗೆ ದುಡ್ಡು ಕಟ್ಟಿ ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಹೊರಟ. ಎತ್ತರದ ತೆಳು ಗಾಳಿಗೆ ಮೈ ಒಗ್ಗಬೇಕಾದರೆ, 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಮೇಲೇರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ಇದು ನಿಮಗೂ ಗೊತ್ತು. ಆದರೆ ರಜೆ ಕಡಿಮೆ ಇರುವವರಿಗೆಂದು ಮಾಡಿದ ಆ ಪ್ಯಾಕೇಜಿನಲ್ಲಿ ದಾರಿಯಲ್ಲಿ ಸಿಗುವ ನಾಮ್ಚೆ ಬಜಾರ್ ಊರಿನ ವಿಶ್ರಾಂತಿಯನ್ನೇ ಕಿತ್ತುಹಾಕಿದ್ದರು. 4,900 ಮೀಟರ್ ಮೇಲಿನ ಲೊಬುಚೆ ಮುಟ್ಟುವಾಗಲೇ ಅವನಿಗೆ ತಲೆನೋವು, ವಾಂತಿ. ಬೆಳ್ಳುಳ್ಳಿ ಸೂಪು ಕುಡಿ, ಸರಿಹೋಗುತ್ತೆ ಎಂದರಂತೆ ಸಂಸ್ಥೆಯವರು. ರಾತ್ರಿ ಕೆಮ್ಮಿದಾಗ ಗುಲಾಬಿ ಬಣ್ಣದ ನೊರೆ ಬಂತು, ಅಂದರೆ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಇವನಿಗೆ ಬೂಟಿನ ಲೇಸು ಕಟ್ಟಿಕೊಳ್ಳಲೂ ಆಗುತ್ತಿಲ್ಲ ಎಂದು ಜೊತೆಗಿದ್ದ ಹುಡುಗ ಫೋನಿನಲ್ಲಿ ಅಳುತ್ತಿದ್ದ. ಹೆಲಿಕಾಪ್ಟರ್ ಕೇಳಿದರೆ ಮೊದಲು ದುಡ್ಡು ಹಾಕಿ ಎಂದರು! ನನ್ನ ಕಾರ್ಡು, ಭಾವನ ಕಾರ್ಡು, ಪಕ್ಕದ ಮನೆಯವರ ಕಾರ್ಡು ಎಲ್ಲ ಉಜ್ಜಿದೆವು. ತಮ್ಮ ಉಳಿದುಕೊಂಡ. ಆಮೇಲೆ ವಿಮೆಯವರು, ಅಷ್ಟು ಎತ್ತರದ ಚಾರಣ ನಿಮ್ಮ ಪಾಲಿಸಿಯಲ್ಲಿ ಬರಲ್ಲ ಎಂದರು. ‘ವಿಮೆ ಸೇರಿದೆ’ ಎಂದು ದುಡ್ಡು ತಗೊಂಡ ಸಂಸ್ಥೆ ಫೋನೇ ಎತ್ತಲಿಲ್ಲ. ಅಮ್ಮನ ಬಳೆ ಇನ್ನೂ ಗಿರವಿಯಲ್ಲಿದೆ.

ಹೊರದೇಶದ ಚಾರಣ ಮಾರುವ ಪ್ರತಿ ಸಂಸ್ಥೆಯೂ ನೋಂದಣಿ ಮಾಡಿಸಲೇಬೇಕು. ಎತ್ತರಕ್ಕೆ, ಹೆಲಿಕಾಪ್ಟರಿಗೆ ಹೊಂದುವ ವಿಮೆ ಇಲ್ಲದೆ ಯಾರನ್ನೂ ಕಳಿಸಬಾರದು. ನನ್ನ ಮೊದಲ ಎರಡು ಬೇಡಿಕೆ ಇವು.

2014ರ ಅಕ್ಟೋಬರ್‌ನಲ್ಲಿ ನೇಪಾಳದ ಅನ್ನಪೂರ್ಣ ಬೆಟ್ಟಗಳ ಹಿಮಬಿರುಗಾಳಿಗೆ 40ಕ್ಕೂ ಹೆಚ್ಚು ಜನ ಸತ್ತರು, ಭಾರತೀಯರೂ ಇದ್ದರು. 2018ರಲ್ಲಿ ವಿಮೆ ದುಡ್ಡು ಹೊಡೆಯಲು ಮಾಡಿದ ನೇಪಾಳದ ಸುಳ್ಳು ಹೆಲಿಕಾಪ್ಟರ್ ಬಿಲ್ಲುಗಳ ಹಗರಣ ಹೊರಬಿತ್ತು. 2023ರಲ್ಲಿ ಆ ದೇಶ ವಿದೇಶಿ ಚಾರಣಿಗರಿಗೆ ಗೈಡ್ ಕಡ್ಡಾಯ ಎಂದಿತು. ನಾವೇನು ಮಾಡಿದೆವು? ನೇಪಾಳಕ್ಕೆ ನಮಗೆ ವೀಸಾ ಬೇಡ. ಹಾಗಾಗಿ ಯಾರು ಯಾವ ಬೆಟ್ಟದಲ್ಲಿದ್ದಾರೆ ಅನ್ನೋ ಲೆಕ್ಕ ಇಲ್ಲಿ ಯಾರ ಹತ್ತಿರವೂ ಇಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲದಲ್ಲಿ ಕರ್ನಾಟಕದಿಂದ ಹೋದ ತಂಡದ 9 ಜನ ತೀರಿಕೊಂಡಾಗ ನಮ್ಮ ರಾಜ್ಯದ ಸಚಿವರೇ ಡೆಹ್ರಾಡೂನ್‌ಗೆ ಓಡಿದರು. ಗಡಿಯಾಚೆ ಆದರೆ ಯಾರು ಓಡುತ್ತಾರೆ, ಸ್ವಾಮಿ? ಒಂದು ಹೆಣ ಬಂದ ಮೇಲೇ ನಿಮ್ಮ ಪರಿಶೀಲನೆ ಮುಗಿಯುವುದಾ?

ನೋಂದಣಿ ಬೇಕು. ಸರಿಯಾದ ವಿಮೆ ಬೇಕು. ಹೋದವರ ಪಟ್ಟಿ ಕಠ್ಮಂಡುವಿನ ನಮ್ಮ ರಾಯಭಾರ ಕಚೇರಿಯಲ್ಲಿ ಇರಬೇಕು. ಮುಂದಿನ ಅಧಿವೇಶನದಲ್ಲಿ ಇದನ್ನು ಕೇಳುತ್ತೀರೋ ಇಲ್ಲವೋ, ಒಂದು ಸಾಲು ಬರೆದು ತಿಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ