ಹಳೇ ಬ್ಯಾಂಡಿಗೂ ಹೊಸ ಬ್ಯಾಂಡಿಗೂ ಸೇರಿ ಒಂದು ಮೂಲೆ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಾರದ ಪುರವಣಿಯ ಸಂಗೀತದ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಸಿನಿಮಾ ಹಾಡಿನ ಸುದ್ದಿ ಇರುತ್ತದೆ, ಭಾವಗೀತೆ ಕಾರ್ಯಕ್ರಮದ ವರದಿ ಇರುತ್ತದೆ, ಆಗಾಗ ಇಂಗ್ಲಿಷಿನ ದೊಡ್ಡ ತಾರೆಯರ ಬಗ್ಗೆ ಫೋಟೋ ಸಮೇತ ಬರುತ್ತದೆ. ಅವೆಲ್ಲ ಇರಲಿ. ಆದರೆ ಇಂಡೀಪಾಪ್ ಬಗ್ಗೆ ಒಂದು ಸಾಲೂ ಕಂಡಿಲ್ಲ. ನಮ್ಮ ಹಿಂದಿ ಪಾಪ್ ಅಲ್ಲ, ಇಂಡಿಪೆಂಡೆಂಟ್ ಅಂದರೆ ಸ್ವತಂತ್ರ ಬ್ಯಾಂಡುಗಳ ಪಾಪ್ ಸಂಗೀತ. ಅದನ್ನು ಪ್ರೀತಿಯಿಂದ ಕೇಳುವವರು ಇಲ್ಲೂ ಇದ್ದೇವೆ. ಕಾಗದ ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ಓದಿ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಪಂಕ್ ಅನ್ನುವ ರಾಕ್ ಸಂಗೀತದ ಗಲಾಟೆ ತಣ್ಣಗಾದ ಮೇಲೆ, 1980ರ ಆಸುಪಾಸಿನಲ್ಲಿ, ಬ್ರಿಟನ್ನಿನ ಎಷ್ಟೋ ಹುಡುಗ ಹುಡುಗಿಯರು ದೊಡ್ಡ ಕಂಪನಿಗಳ ಬಾಗಿಲು ಕಾಯುವುದು ಬಿಟ್ಟು ತಾವೇ ಹಾಡು ಬರೆದು, ತಾವೇ ನುಡಿಸಿ, ಪರಿಚಯದವರ ಲೇಬಲ್ಲಿನಿಂದ, ಅಂದರೆ ಪುಟ್ಟ ರೆಕಾರ್ಡ್ ಕಂಪನಿಯಿಂದ, ಏಳಿಂಚಿನ ರೆಕಾರ್ಡ್ ಹೊರಡಿಸತೊಡಗಿದರು. ಗಿಟಾರಿನ ಗಲಗಲ ಸದ್ದು, ಮೆಲುದನಿ, ಮೂರು ನಿಮಿಷದೊಳಗೆ ಮುಗಿಯುವ ಹಾಡು. ಗ್ಲಾಸ್ಗೋದ ಪೋಸ್ಟ್‌ಕಾರ್ಡ್, ಬ್ರಿಸ್ಟಲ್‌ನ ಸಾರಾ, ಎರಡೂ ವಾಸದ ಮನೆಯಿಂದಲೇ ನಡೆದ ಲೇಬಲ್‌ಗಳು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 1981ರಲ್ಲಿ ಫ್ಲೈಯಿಂಗ್ ನನ್ ಶುರು ಮಾಡಿದ ರೋಜರ್ ಶೆಪರ್ಡ್ ರೆಕಾರ್ಡ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವರು. ಆ ಲೇಬಲ್ಲಿಗಾಗಿ ದಿ ಕ್ಲೀನ್ ಅನ್ನುವ ಬ್ಯಾಂಡ್ ಮಾಡಿದ ಮೊದಲ ಹಾಡಿಗೆ ಆದ ಖರ್ಚು ಸುಮಾರು 50 ಡಾಲರ್ ಅಂತ ಹೇಳುತ್ತಾರೆ. ಅದು ಆ ದೇಶದ ಮೊದಲ 20 ಹಾಡುಗಳ ಪಟ್ಟಿಯೊಳಗೆ ಬಂತು!

ಈಗ ವಿಷಯಕ್ಕೆ ಬರುತ್ತೇನೆ. ಈ ಸಂಗೀತದಲ್ಲಿ ಹೊಸದನ್ನು ಹುಡುಕುವುದು, ಮರೆತುಹೋದದ್ದನ್ನು ಹುಡುಕುವುದು ಬೇರೆ ಬೇರೆ ಕೆಲಸ ಅಲ್ಲವೇ ಅಲ್ಲ. ಒಂದನ್ನು ಹಿಡಿದು ಎಳೆದರೆ ಇನ್ನೊಂದು ತಾನಾಗಿ ಬರುತ್ತದೆ. ಆದರೆ ಇದರ ಬಗ್ಗೆ ಬರೆಯುವವರು ಯಾವಾಗಲೂ ಎರಡು ಗುಂಪು. ಒಬ್ಬರು ಈ ವಾರ ಏನು ಬಂತು ಅಂತ ಮಾತ್ರ ನೋಡುತ್ತಾರೆ. ಇನ್ನೊಬ್ಬರು 1986ರ ಆಚೆಗೆ ಬರುವುದೇ ಇಲ್ಲ.

ದಿ ಚಿಲ್ಸ್ ಬ್ಯಾಂಡಿನ ಕಥೆ ಕೇಳಿ. ನ್ಯೂಜಿಲೆಂಡಿನ ಡ್ಯುನೀಡಿನ್ ಊರಿನಲ್ಲಿ 1980ರಲ್ಲಿ ಮಾರ್ಟಿನ್ ಫಿಲಿಪ್ಸ್ ಇದನ್ನು ಕಟ್ಟಿದರು. ಬ್ಯಾಂಡಿನ ಡ್ರಮ್ಮರ್ ಮಾರ್ಟಿನ್ ಬುಲ್ 1983ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ, ಚಿಕ್ಕ ವಯಸ್ಸು. ಅವನು ಡ್ರಮ್ ಬಾರಿಸಿದ್ದ 'ಪಿಂಕ್ ಫ್ರಾಸ್ಟ್' ರೆಕಾರ್ಡ್ ಆಗಿ ಬಂದದ್ದು ಅವನು ಹೋದ ಮೇಲೆ, 1984ರಲ್ಲಿ. ಸಾಯುವ ಮುಂಚೆ ತನ್ನ ಚರ್ಮದ ಜಾಕೆಟ್ಟನ್ನು ಫಿಲಿಪ್ಸ್‌ಗೆ ಬಿಟ್ಟು ಹೋಗಿದ್ದ. ಆ ಜಾಕೆಟ್ಟಿನ ಮೇಲೆಯೇ ಫಿಲಿಪ್ಸ್ ಒಂದು ಹಾಡು ಬರೆದರು. ಕುಣಿಯುವಂಥ ಹಾಡು ಅದು, ಅಳುವ ಹಾಡಲ್ಲ, ಅದಕ್ಕೇ ಮನಸ್ಸಿಗೆ ಇನ್ನೂ ಜಾಸ್ತಿ ತಾಗುತ್ತದೆ. ಆಮೇಲೆ ಬ್ಯಾಂಡಿನ ಸದಸ್ಯರು ಮತ್ತೆ ಮತ್ತೆ ಬದಲಾದರು, ಫಿಲಿಪ್ಸ್ ಕಾಯಿಲೆ ಬಿದ್ದರು. 1996ರ ನಂತರ ಪೂರ್ಣ ಪ್ರಮಾಣದ ಸ್ಟುಡಿಯೋ ಆಲ್ಬಮ್ ಬರಲು 2015 ಆಗಬೇಕಾಯಿತು. 2024ರ ಜುಲೈನಲ್ಲಿ ಅವರೂ ಹೋದರು. 2025ರ ಫೆಬ್ರುವರಿಯಲ್ಲಿ 'ಸ್ಪ್ರಿಂಗ್ ಬೋರ್ಡ್' ಬಂತು. ಅದರಲ್ಲಿರುವುದು 1980ರ ದಶಕದಲ್ಲಿ ಅವರು ಬರೆದು, ಸರಿಯಾಗಿ ರೆಕಾರ್ಡ್ ಮಾಡದೆ ಬಿಟ್ಟಿದ್ದ ಹಾಡುಗಳು. ಇಪ್ಪತ್ತರ ಹುಡುಗ ಕಟ್ಟಿದ ಮಟ್ಟನ್ನು ಅರವತ್ತರ ಮನುಷ್ಯ ಹಾಡಿದ್ದಾರೆ. ಇದನ್ನು ಹೊಸ ಬಿಡುಗಡೆ ಅನ್ನಬೇಕೋ ಹಳೇದು ಅನ್ನಬೇಕೋ, ನೀವೇ ಹೇಳಿ. ಆ ವರ್ಷ ನಾನು ಕೇಳಿದ್ದರಲ್ಲಿ ನನಗೆ ತುಂಬಾ ಹತ್ತಿರವಾದ ಆಲ್ಬಮ್ ಅದೇ.

ಇಷ್ಟು ಒಳ್ಳೆಯ ಬ್ಯಾಂಡುಗಳು ಕಳೆದುಹೋಗುವುದು ಯಾಕೆ ಅಂತ ಕೇಳಬಹುದು. ಹಾಡು ಚೆನ್ನಾಗಿಲ್ಲ ಅಂತ ಅಲ್ಲ. ಬಹಳ ರೆಕಾರ್ಡ್‌ಗಳು ಅಚ್ಚಾಗುತ್ತಿದ್ದದ್ದೇ ಕೆಲವು ನೂರು, ಜಾಸ್ತಿ ಅಂದರೆ ಒಂದೆರಡು ಸಾವಿರ ಪ್ರತಿ. ಎರಡು ರೆಕಾರ್ಡ್ ಮಾಡಿ ಬ್ಯಾಂಡ್ ಚದುರಿಹೋಗುತ್ತಿತ್ತು, ಒಬ್ಬರು ಓದೋಕೆ, ಒಬ್ಬರು ಕೆಲಸಕ್ಕೆ. ಜೊತೆಗೆ, ಸಣ್ಣ ಲೇಬಲ್‌ಗಳ ಮಾಲನ್ನು ಅಂಗಡಿ ಅಂಗಡಿಗೆ ಮುಟ್ಟಿಸುತ್ತಿದ್ದ ರಫ್ ಟ್ರೇಡ್ ವಿತರಣಾ ಸಂಸ್ಥೆ 1991ರಲ್ಲಿ ಕುಸಿದುಬಿತ್ತು. ಅದನ್ನು ನಂಬಿದ್ದ ಎಷ್ಟೋ ಲೇಬಲ್‌ಗಳಿಗೆ ಬರಬೇಕಾದ ದುಡ್ಡು ಬರಲಿಲ್ಲ.

ಡಾಲಿ ಮಿಕ್ಸ್ಚರ್ ಅಂತ ಕೇಂಬ್ರಿಜ್‌ನ ಮೂವರು ಹುಡುಗಿಯರ ಬ್ಯಾಂಡ್ ಇತ್ತು. 1982ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋದ ಹಾಡೊಂದರಲ್ಲಿ ಅವರ ದನಿ ಇದೆ, ಆದರೆ ಹಿಂದೆ ನಿಂತು ಹಾಡಿದವರಾಗಿ, ಕ್ಯಾಪ್ಟನ್ ಸೆನ್ಸಿಬಲ್ ಅನ್ನುವ ಗಾಯಕನ ಹಾಡಿಗೆ. ಅವರದೇ ಹಾಡುಗಳನ್ನು ಪೂರ್ತಿ ಆಲ್ಬಮ್ ಮಾಡಿ ಹೊರಡಿಸಲು ಯಾವ ಕಂಪನಿಯೂ ಮುಂದೆ ಬರಲಿಲ್ಲ. ಕೊನೆಗೆ ಡೆಮೋ ಟೇಪುಗಳನ್ನೇ ಸೇರಿಸಿ 1983ರಲ್ಲಿ ತಾವೇ ಜೋಡಿ ಆಲ್ಬಮ್ ಮಾಡಿದರು. ಬರೀ ಬಿಳಿ ಹೊದಿಕೆ, ಪ್ರತಿಯೊಂದಕ್ಕೂ ನಂಬರ್ ಹಾಕಿ ಸಹಿ ಮಾಡಿದ್ದರು. ಬಹಳ ಜನಕ್ಕೆ ಈ ಹಾಡುಗಳು ಮತ್ತೆ ಸಿಕ್ಕಿದ್ದು 2010ರಲ್ಲಿ, ಮೂರು ಸಿಡಿಗಳ ಪೆಟ್ಟಿಗೆ ಬಂದಾಗ. ದಿ ಸರ್ವೆಂಟ್ಸ್ ಬ್ಯಾಂಡಿನದು ಇನ್ನೂ ಬೇಜಾರಿನ ವಿಷಯ. 1991ರಲ್ಲಿ ರೆಕಾರ್ಡ್ ಮಾಡಿದ ಅವರ ಎರಡನೇ ಆಲ್ಬಮ್ ಹೊರಬಂದದ್ದು 2012ರಲ್ಲಿ.

ಈ ಸರ್ವೆಂಟ್ಸ್ ಹೆಸರು ಬಹಳ ಜನಕ್ಕೆ ಗೊತ್ತಾದದ್ದು 'ಸಿ86' ಕ್ಯಾಸೆಟ್ಟಿನಿಂದ. 1986ರಲ್ಲಿ ಎನ್‌ಎಂಇ ಅನ್ನುವ ಬ್ರಿಟಿಷ್ ಸಂಗೀತ ಪತ್ರಿಕೆ 22 ಬ್ಯಾಂಡುಗಳ ಒಂದೊಂದು ಹಾಡು ಹಾಕಿ ಓದುಗರಿಗೆ ಅಂಚೆಯಲ್ಲಿ ಕಳಿಸಿದ ಕ್ಯಾಸೆಟ್ ಅದು. ಇವತ್ತು ಅದನ್ನು ಪವಿತ್ರ ಗ್ರಂಥದ ಹಾಗೆ ನೋಡುವವರಿದ್ದಾರೆ, ನನಗೆ ಹಾಗೆ ಅನಿಸುವುದಿಲ್ಲ. ಅರ್ಧ ಹಾಡುಗಳು ಸುಮ್ನೆ ಗದ್ದಲ. ಆದರೆ ಒಂದು ಪತ್ರಿಕೆ ಆಗಷ್ಟೇ ಹುಟ್ಟಿದ್ದ ಸಂಗೀತವನ್ನು ಓದುಗರ ಕೈಗೆ ಮುಟ್ಟಿಸಿತು, ಅದು ದೊಡ್ಡ ಮಾತು ಅಲ್ವಾ? ಅದೇ ಇಂಗ್ಲಿಷ್ ಸಂಗೀತ ಪತ್ರಿಕೆಗಳು ಮುಂದೆ ಸಾರಾ ಲೇಬಲ್ಲನ್ನು ಮುದ್ದುಗೊಂಬೆಗಳ ಸಂಗೀತ ಅನ್ನುವ ಹಾಗೆ ಹಂಗಿಸಿದವು. ಕ್ಲೇರ್ ವಾಡ್, ಮ್ಯಾಟ್ ಹೇನ್ಸ್ ಇಬ್ಬರೇ ನಡೆಸಿದ ಲೇಬಲ್ ಅದು. 1987ರಿಂದ 1995ರವರೆಗೆ ನಡೆಸಿ, ನೂರನೇ ಬಿಡುಗಡೆ ಆದ ಕೂಡಲೇ ಜಾಹೀರಾತು ಕೊಟ್ಟು, ಬ್ರಿಸ್ಟಲ್ ಬಂದರಿನ ಒಂದು ಹಡಗಿನಲ್ಲಿ ಪಾರ್ಟಿ ಮಾಡಿ ಮುಚ್ಚಿದರು. ಒಂದೇ ಹಾಡನ್ನು ಸಿಂಗಲ್‌ನಲ್ಲೂ (ಒಂದೆರಡು ಹಾಡಿನ ರೆಕಾರ್ಡ್) ಹಾಕಿ ಆಲ್ಬಮ್‌ನಲ್ಲೂ ಹಾಕಿ ಕೇಳುಗರ ಜೇಬಿಗೆ ಕೈಹಾಕುವುದನ್ನು ಅವರು ವಿರೋಧಿಸುತ್ತಿದ್ದರು. ಅವರ ರೆಕಾರ್ಡ್‌ಗಳಿಗೇ ಇವತ್ತು ಸಂಗ್ರಹಕಾರರು ಕೇಳುವ ರೇಟು ನೋಡಿದರೆ ಸಂಕಟವಾಗುತ್ತದೆ. ಅದಕ್ಕೇ ನಾನು ಮರುಬಿಡುಗಡೆಯ ಪರ. ಹಾಡು ಕೇಳೋಕೆ ಇರುವುದು, ಕಪಾಟಿನಲ್ಲಿ ಬೀಗ ಹಾಕಿ ಇಡೋಕಲ್ಲ.

ಇನ್ನು ಹುಡುಕುವುದು ಹೇಗೆ ಅನ್ನುವುದು. ಫೋನಿನ ಮ್ಯೂಸಿಕ್ ಆ್ಯಪ್ ತಾನಾಗಿ ಕೊಡುವುದನ್ನಷ್ಟೇ ನಂಬಿ ಕೂತರೆ ಈ ಬ್ಯಾಂಡುಗಳು ಸಿಗುವುದು ಕಷ್ಟ. ಹೆಸರುಗಳನ್ನೇ ನೋಡಿ: ದಿ ಕ್ಲೀನ್, ದಿ ಬ್ಯಾಟ್ಸ್, ದಿ ವೇಕ್, ಹೆವನ್ಲಿ, ಬ್ಲೂಬಾಯ್, ದಿ ಆರ್ಕಿಡ್ಸ್. ಹುಡುಕಿದರೆ ಅದೇ ಹೆಸರಿನ ಇನ್ಯಾರದೋ ಹಾಡು ಬಂದು ನಿಲ್ಲುತ್ತದೆ, ಕೆಲವೊಮ್ಮೆ ಇಬ್ಬರ ಹಾಡೂ ಒಂದೇ ಪುಟದಲ್ಲಿ ಕಲೆಸಿಹೋಗಿರುತ್ತವೆ. ನನ್ನ ಅನುಭವದಲ್ಲಿ ಒಂದೇ ದಾರಿ: ಬ್ಯಾಂಡನ್ನಲ್ಲ, ಲೇಬಲ್ಲನ್ನು ಹಿಂಬಾಲಿಸಿ. ಒಂದು ಹಾಡು ಇಷ್ಟವಾದರೆ ಅದನ್ನು ಹೊರಡಿಸಿದವರು ಯಾರು ನೋಡಿ, ಅವರು ಇನ್ನೇನು ಹೊರಡಿಸಿದ್ದಾರೆ ನೋಡಿ, ನುಡಿಸಿದವರ ಹೆಸರು ಓದಿ, ಅವರು ಮುಂಚೆ ಎಲ್ಲಿ ನುಡಿಸುತ್ತಿದ್ದರು ಅಂತ ಹುಡುಕಿ.

ಇದಕ್ಕೆ ಅಮೀಲಿಯಾ ಫ್ಲೆಚರ್ ಅವರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1986ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಇಬ್ಬರು ಹುಡುಗಿಯರು ಒಬ್ಬರ ಎದೆಯ ಮೇಲೆ ಒಬ್ಬರು ದಿ ಪ್ಯಾಸ್ಟೆಲ್ಸ್ ಬ್ಯಾಂಡಿನ ಬ್ಯಾಡ್ಜ್ ನೋಡಿ ಮಾತಿಗೆ ಶುರುವಿಟ್ಟುಕೊಂಡರು. ಹಾಗೆ ಹುಟ್ಟಿದ್ದು ಟಲೂಲಾ ಗಾಶ್ ಅನ್ನುವ ಬ್ಯಾಂಡ್. ಒಬ್ಬರು ಅಮೀಲಿಯಾ, ಇನ್ನೊಬ್ಬರು ಎಲಿಜಬೆತ್ ಪ್ರೈಸ್. ಎಲಿಜಬೆತ್ ಮುಂದೆ ಕಲಾವಿದೆಯಾಗಿ 2012ರಲ್ಲಿ ಬ್ರಿಟನ್ನಿನ ದೊಡ್ಡ ಕಲಾ ಪ್ರಶಸ್ತಿಯಾದ ಟರ್ನರ್ ಗೆದ್ದರು. ಅಮೀಲಿಯಾ ಅರ್ಥಶಾಸ್ತ್ರಜ್ಞೆಯಾದರು, ವ್ಯಾಪಾರ ನ್ಯಾಯವಾಗಿ ನಡೆಯುವಂತೆ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಸರ್ಕಾರದ ಕಚೇರಿಯಲ್ಲಿ (ಆಫೀಸ್ ಆಫ್ ಫೇರ್ ಟ್ರೇಡಿಂಗ್) ಮುಖ್ಯ ಅರ್ಥಶಾಸ್ತ್ರಜ್ಞೆ, ಆಮೇಲೆ ಪ್ರೊಫೆಸರ್. ಈ ನಡುವೆ ಹಾಡುವುದನ್ನು ನಿಲ್ಲಿಸಲಿಲ್ಲ. ಸಾರಾ ಲೇಬಲ್ಲಿನಲ್ಲಿ ಹೆವನ್ಲಿ ಅನ್ನುವ ಬ್ಯಾಂಡ್ ನಡೆಸಿದರು. ಅದರಲ್ಲಿ ಡ್ರಮ್ ಬಾರಿಸುತ್ತಿದ್ದ ಅವರ ತಮ್ಮ ಮ್ಯಾಥ್ಯೂ 1996ರಲ್ಲಿ ತೀರಿಕೊಂಡ ಮೇಲೆ ಆ ಹೆಸರಿನಲ್ಲಿ ಹಾಡುವುದು ನಿಂತಿತು. 2023ರಲ್ಲಿ ಲಂಡನ್ನಿನಲ್ಲಿ ಹೆವನ್ಲಿ ಮತ್ತೆ ವೇದಿಕೆ ಹತ್ತಿತು. ಇವತ್ತು ಅಮೀಲಿಯಾ ಮತ್ತು ಹೆವನ್ಲಿಯಲ್ಲೇ ಇದ್ದ ರಾಬ್ ಪರ್ಸಿ ಸ್ಕೆಪ್ ವ್ಯಾಕ್ಸ್ ಅನ್ನುವ ಪುಟ್ಟ ಲೇಬಲ್ ನಡೆಸುತ್ತಿದ್ದಾರೆ. ಅದರಲ್ಲೇ ಹೆವನ್ಲಿಯ ಹಳೇ ಆಲ್ಬಮ್‌ಗಳು ಮರುಬಿಡುಗಡೆ ಆದವು, ಸಾರಾ ಕಾಲದ ದಿ ಆರ್ಕಿಡ್ಸ್ 2022ರಲ್ಲಿ ಹೊಸ ಹಾಡುಗಳ ಆಲ್ಬಮ್ ತಂದರು, ಅಮೆರಿಕದ ಜೀನೈನ್ಸ್‌ನಂಥ ಈಗಿನ ಬ್ಯಾಂಡೂ ಅಲ್ಲೇ ಇದೆ. ಜೀನೈನ್ಸ್ ಹಾಡುಗಳು ಎಷ್ಟು ಚಿಕ್ಕವು ಅಂದರೆ ಇನ್ನೇನು ಹಿಡಿಸಿತು ಅನ್ನುವಷ್ಟರಲ್ಲಿ ಮುಗಿದಿರುತ್ತವೆ, ಮತ್ತೆ ಹಾಕಲೇಬೇಕು. ಅಮೆರಿಕದಲ್ಲಿ ಅವರನ್ನು ಹೊರತರುವುದು ಸ್ಲಂಬರ್‌ಲ್ಯಾಂಡ್, 1989ರಿಂದ ನಡೆದುಕೊಂಡು ಬಂದ ಲೇಬಲ್. ಅದರ ಪಟ್ಟಿ ಹಿಡಿದು ಹಿಂದಕ್ಕೆ ಹೋದರೆ ಬ್ಲ್ಯಾಕ್ ಟ್ಯಾಂಬರೀನ್ ಸಿಗುತ್ತಾರೆ, ಮುಂದಕ್ಕೆ ಬಂದರೆ ಸ್ಯಾನ್ ಫ್ರಾನ್ಸಿಸ್ಕೋದ ದಿ ಅಂಬ್ರೆಲ್ಲಾಸ್ ಸಿಗುತ್ತಾರೆ. ಒಂದೇ ಒಂದು ಲೇಬಲ್ಲಿನ ಪಟ್ಟಿ ಒಂದು ಇಡೀ ಮಳೆಗಾಲಕ್ಕೆ ಸಾಕು.

ರೆಕಾರ್ಡನ್ನೇ ತರಿಸಿಕೊಳ್ಳುತ್ತೇನೆ ಅಂದರೆ ಇಲ್ಲಿಗೆ ಅಂಚೆ ಖರ್ಚು ಸುಂಕ ಎಲ್ಲ ಸೇರಿ ಕೈಸುಡುತ್ತದೆ. ಹಾಗಾಗಿ ನಮ್ಮಂಥವರಿಗೆ ಬ್ಯಾಂಡ್‌ಕ್ಯಾಂಪ್ ವಾಸಿ, ಬ್ಯಾಂಡುಗಳು ತಮ್ಮ ಹಾಡನ್ನು ನೇರವಾಗಿ ಮಾರುವ ವೆಬ್‌ಸೈಟ್ ಅದು. ಸಾಮಾನ್ಯವಾಗಿ ಕೊಳ್ಳುವ ಮುಂಚೆ ಕೇಳಬಹುದು, ಇಷ್ಟವಾದರೆ ಕೊಳ್ಳಬಹುದು. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ತನ್ನ ಪಾಲು ಅಂತ ಶೇ 15 ಹಿಡಿದುಕೊಳ್ಳುತ್ತದೆ, ಪಾವತಿಯ ಶುಲ್ಕ ಕಳೆದು ಉಳಿದದ್ದು ಬ್ಯಾಂಡಿಗೋ ಲೇಬಲ್ಲಿಗೋ ಹೋಗುತ್ತದೆ. 2020ರ ಮಾರ್ಚ್‌ನಿಂದ ಆಗಾಗ ಕೆಲವು ಶುಕ್ರವಾರಗಳಂದು ಆ ಪಾಲನ್ನೂ ಬಿಟ್ಟುಕೊಡುತ್ತಾರೆ, ನಾನು ಕೊಳ್ಳುವುದನ್ನು ಆ ದಿನಕ್ಕೇ ಇಟ್ಟುಕೊಳ್ಳುತ್ತೇನೆ. ಸಣ್ಣ ಬ್ಯಾಂಡಿಗೆ ಹತ್ತು ಜನ ಕೊಂಡರೂ ಗೊತ್ತಾಗುತ್ತದೆ.

ನನ್ನ ಕೋರಿಕೆ ದೊಡ್ಡದೇನಲ್ಲ. ಸಂಗೀತದ ಪುಟದ ಕೆಳಗೆ ಒಂದು ಸಣ್ಣ ಕಾಲಂ ಮಾಡಿ. ಪ್ರತಿ ವಾರ ಎರಡು ಹೆಸರು ಇರಲಿ, ಒಂದು ಈಗ ಬಂದದ್ದು, ಒಂದು ಜನ ಮರೆತದ್ದು, ಎರಡರ ನಡುವೆ ಏನು ನಂಟು ಅಂತ ನಾಲ್ಕು ಸಾಲು. ಮೊದಲ ವಾರಕ್ಕೆ ಜೀನೈನ್ಸ್ ಜೊತೆ ಡಾಲಿ ಮಿಕ್ಸ್ಚರ್ ಹಾಕಿ, ಎರಡನೇ ವಾರಕ್ಕೆ ಅಂಬ್ರೆಲ್ಲಾಸ್ ಜೊತೆ ಪ್ಯಾಸ್ಟೆಲ್ಸ್ ಹಾಕಬಹುದು. ಬರೆಯುವವರು ಸಿಗಲಿಲ್ಲ ಅಂದರೆ ನಾನೇ ಬರೆದುಕೊಡುತ್ತೇನೆ, ಸಂಭಾವನೆ ಬೇಡ. ಫೋಟೋ ಇಲ್ಲದಿದ್ದರೂ ನಡೆಯುತ್ತದೆ, ಲೇಬಲ್ಲಿನ ಹೆಸರು ಮಾತ್ರ ಮರೆಯದೆ ಹಾಕಿ.

ಇತಿ,
ನಿಮ್ಮ ಓದುಗ, ಶಿವಮೊಗ್ಗ